ಇಂಚಕ್ಕನ ಹದಿನಾಲ್ಕು ಏಪ್ರನ್

ಆ ಬೀದಿಯಲ್ಲಿ ಇಂಚಕ್ಕನ ಅಂಗಡಿ ಮುಂದೆ ಹಾದುಹೋಗುವುದೆಂದರೆ ಪುಕ್ಕಟೆ ಅಳತೆ ಕೊಟ್ಟಂತೆಯೇ. ಟೇಪು ಸದಾ ಕೊರಳಲ್ಲಿ ನೇತಾಡುತ್ತಿತ್ತು, ಆದರೆ ಅದನ್ನು ಕೈಗೆತ್ತಿಕೊಳ್ಳುವ ಪ್ರಮೇಯ ಅಷ್ಟಾಗಿ ಬರುತ್ತಿರಲಿಲ್ಲ. ಆಕೆಯ ಕಣ್ಣಳತೆ ಅಂಥದ್ದು.

"ಏನ್ ಮೇಷ್ಟ್ರೇ, ಸೊಂಟ ಎರಡಿಂಚು ಮುಂದಕ್ಕೆ ಹೋಗಿದೆ. ರಜೆ ಚೆನ್ನಾಗಿ ಕಳೀತು ಅನ್ಸುತ್ತೆ!" ಎಂದು ಮಷೀನಿನ ಹಿಂದಿನಿಂದ ಕೂಗುತ್ತಿದ್ದಳು. ಪೋಸ್ಟಿನವನನ್ನು ಕಂಡರೆ, "ಎಡಗಡೆ ಭುಜ ಅರ್ಧ ಇಂಚು ಇಳಿದಿದೆ ನೋಡಪ್ಪ, ನಾಳೆಯಿಂದ ಚೀಲ ಬಲಕ್ಕೆ ಹಾಕ್ಕೋ" ಎನ್ನುತ್ತಿದ್ದಳು. ಮೇಷ್ಟ್ರು ಹೊಟ್ಟೆ ಒಳಕ್ಕೆ ಎಳೆದುಕೊಂಡು, "ಊರಿಗೆಲ್ಲ ಗುಂಡಿ ಹೊಲಿತೀಯ, ನಿನ್ನ ಬಾಯಿಗೂ ಒಂದು ಹೊಲ್ಕೊಳ್ಳಮ್ಮ" ಎಂದು ಬೇಗಬೇಗ ನಡೆದುಬಿಡುತ್ತಿದ್ದರು. ಇಂಚಕ್ಕ ಅನ್ನುವ ಹೆಸರು ಯಾರು ಇಟ್ಟರೋ ಗೊತ್ತಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಗಂಡನಿಗೇ ಮರೆತುಹೋಗಿತ್ತು.

ಅಂಗಡಿ ಇದ್ದದ್ದು ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ. ಹಾಗಾಗಿ ಅದರ ಸೂರು ಒಂದು ಕಡೆ ಎತ್ತರ, ಇನ್ನೊಂದು ಕಡೆ ಗಿಡ್ಡ. ಗಿರಾಕಿಗಳು ಎತ್ತರದ ಕಡೆ ನಿಲ್ಲಬೇಕು, ಇಂಚಕ್ಕ ಮತ್ತು ಮಷೀನು ಗಿಡ್ಡ ಕಡೆ. ಮೇಲೆ ಯಾರು ಹತ್ತಿದರು, ಯಾರು ಇಳಿದರು, ಯಾರು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮನೆ ಸೇರಿದರು, ಎಲ್ಲ ತಲೆಯ ಮೇಲೇ ವರದಿಯಾಗುತ್ತಿತ್ತು. ಪಕ್ಕದಲ್ಲಿ ಗಂಡನ ಇಸ್ತ್ರಿ ಮೇಜು. ಆತ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಕೊರತೆಯನ್ನು ಹೆಂಡತಿ ಬೆಳಗಿನ ಚಹಾದ ಹೊತ್ತಿಗೇ ತುಂಬಿಬಿಡುತ್ತಿದ್ದಳು.

ಆಕೆ ಈ ಕಸುಬಿಗೆ ಬಿದ್ದಾಗ ಎಂಟು ವರ್ಷ. ತಾಯಿ ತೀರಿಕೊಂಡ ಮೇಲೆ ಚಿಕ್ಕಮ್ಮ ಕೈಹಿಡಿದು ಕರೆತಂದು ಒಂದು ಹೊಲಿಗೆ ಅಂಗಡಿಯಲ್ಲಿ ಬಿಟ್ಟಳು. ದಾರ ಕತ್ತರಿಸುವುದು, ಗುಂಡಿ ಹಚ್ಚುವುದು, ನೆಲಕ್ಕೆ ಬಿದ್ದ ಗುಂಡುಪಿನ್ನು ಹೆಕ್ಕುವುದು ಆಕೆಯ ಕೆಲಸ. ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಆಕೆಯ ಜಾಗ. ಅಲ್ಲಿ ಆರು ವರ್ಷ ಕೂತಳು. ಗಿರಾಕಿಗಳ ಮುಖ ಆಕೆಗೆ ಗೊತ್ತಿರಲಿಲ್ಲ, ಬೂಟು ಚಪ್ಪಲಿಗಳಲ್ಲೇ ಎಲ್ಲರ ಗುರುತು. ಯಾರೂ ಹೊಡೆಯಲಿಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಅದನ್ನು ಆಕೆ ಈಗಲೂ ನ್ಯಾಯವಾಗಿ ಹೇಳುತ್ತಾಳೆ. ಹೊಡೆಯಲಿಲ್ಲ ಅನ್ನುವುದೇ ಒಂದು ದೊಡ್ಡ ಉಪಕಾರ ಅಂತ ಆಗ ಅಂದುಕೊಂಡಿದ್ದಳಂತೆ.

ಮೇಲೆ ಮೇಜಿನ ಪಕ್ಕ ಹೊಲಿಗೆ ಮಾಸ್ತರು ಟೇಪು ಹಿಡಿದು "ಎದೆ ಮೂವತ್ತಾರು, ತೋಳು ಇಪ್ಪತ್ತಮೂರು" ಎಂದು ಕೂಗುವುದನ್ನು ಕೇಳಿಕೇಳಿಯೇ ಆಕೆ ಎಣಿಸಲು ಕಲಿತದ್ದು. ಟೇಪು ಅರವತ್ತಕ್ಕೆ ಮುಗಿಯುತ್ತಿತ್ತು, ಆಕೆಯ ಲೆಕ್ಕವೂ ಅಲ್ಲಿಗೇ ಮುಗಿಯುತ್ತಿತ್ತು. ಒಬ್ಬ ಗಿರಾಕಿ ತನ್ನ ತಂದೆಗೆ ಎಪ್ಪತ್ತೆರಡು ವರ್ಷ ಅಂದಾಗ, ಈತ ಬಡಾಯಿ ಕೊಚ್ಚುತ್ತಿದ್ದಾನೆ ಅಂತ ಮೇಜಿನ ಕೆಳಗೆ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಅರವತ್ತರ ಆಚೆಗೂ ಅಂಕಿಗಳಿವೆ ಅನ್ನುವುದು ತಿಳಿದದ್ದು ಹದಿನೇಳನೇ ವಯಸ್ಸಿನಲ್ಲಿ, ಸಂಜೆ ಶಾಲೆಗೆ ಸೇರಿದ ಮೇಲೆ. ಈ ಕತೆಯನ್ನು ಆಕೆ ಹೇಳುವಾಗ ಎಲ್ಲರೂ ನಗುತ್ತಾರೆ. ಆಕೆಯೂ ನಗುತ್ತಾಳೆ, ಆದರೆ ಎಲ್ಲರಿಗಿಂತ ಸ್ವಲ್ಪ ಮುಂಚೆಯೇ ನಿಲ್ಲಿಸುತ್ತಾಳೆ.

ಬೀದಿಯ ಕೊನೆಯ ಶಾಲೆಗೆ ಯೂನಿಫಾರಂ ಹೊಲಿಯುವುದು ಇಂಚಕ್ಕನೇ. ಉದ್ದನೆಯ ಪುಸ್ತಕದಲ್ಲಿ ಮಗುವಿಗೊಂದು ಸಾಲು. ವರ್ಷವರ್ಷವೂ ಹಳೆಯ ಅಳತೆಯ ಪಕ್ಕದಲ್ಲಿ ಹೊಸದು. ಯಾರು ಸರಸರ ಬೆಳೆದರು, ಯಾರು ಜ್ವರ ಬಂದು ಸೊರಗಿದರು, ಯಾರ ಒಂದು ತೋಳು ಇನ್ನೊಂದಕ್ಕಿಂತ ಉದ್ದ, ಹೆತ್ತವರಿಗೆ ಗೊತ್ತಿಲ್ಲದ್ದೆಲ್ಲ ಅದರಲ್ಲಿತ್ತು.

ಆ ವರ್ಷ ಶಾಲೆ ಶುರುವಾಗಿ ಎರಡು ವಾರ ಕಳೆದರೂ ಗಿರಗಿಟ್ಲೆಯ ಸಾಲು ಖಾಲಿಯೇ ಉಳಿಯಿತು. ಗಿರಗಿಟ್ಲೆ ಎಂದರೆ ಹತ್ತು ವರ್ಷದ ಹುಡುಗಿ. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಅವಳಿಗೆ ಆ ಹೆಸರಿಟ್ಟವಳು ಇಂಚಕ್ಕನೇ. ಹಿಂದಿನ ವರ್ಷ ಅಳತೆ ಕೊಡುವಾಗ ಎರಡು ಸುತ್ತು ತಿರುಗಿ ಟೇಪನ್ನು ಮೈಗೆಲ್ಲ ಸುತ್ತಿಕೊಂಡಿದ್ದಳು. "ಅಕ್ಕಾ, ಜೇಬು ದೊಡ್ಡದಿರ್ಲಿ, ಕೈ ಪೂರ್ತಿ ಹೋಗ್ಬೇಕು" ಎಂದು ತಾಕೀತು ಮಾಡಿದ್ದಳು. ಈಗ ಗೆಳತಿಯರನ್ನು ಕೇಳಿದರೆ "ಅವರತ್ತೆ ಊರಿಗೆ ಹೋದ್ಲಂತೆ" ಅಂದರು. ಇದ್ದರೂ ಇರಬಹುದು ಅಂತ ಇಂಚಕ್ಕ ಸುಮ್ಮನಾದಳು.

ಒಂದು ದಿನ ಮಧ್ಯಾಹ್ನ ಗಂಡ ಇಸ್ತ್ರಿ ಬಟ್ಟೆ ಕೊಟ್ಟು ಬಂದವನು, ಬಟ್ಟೆಯ ಗಂಟನ್ನು ಕೆಳಗಿಡುವ ಮೊದಲೇ, "ಗಿರಗಿಟ್ಲೆ ಕಂಡ್ಳು" ಅಂದ.

"ಎಲ್ಲಿ?"

"ಡಬ್ಬಿ ಕಾರ್ಖಾನೆ ಮೆಟ್ಟಿಲ ಮೇಲೆ."

"ಏನ್ ಮಾಡ್ತಿದ್ಲು?"

"ರಟ್ಟು ಹೊತ್ಕೊಂಡು ಹೋಗ್ತಿದ್ಲು." ಆತ ಸ್ವಲ್ಪ ಹೊತ್ತು ಯೋಚಿಸಿ ಇನ್ನೊಂದು ಮಾತು ಖರ್ಚು ಮಾಡಿದ. "ನನ್ನ ನೋಡಿ ನಗ್ಲಿಲ್ಲ."

ಇಂಚಕ್ಕ ಅಂಗಡಿಯನ್ನು ಆತನ ಮೇಲೆ ಬಿಟ್ಟು ನೇರ ಹುಡುಗಿಯ ಮನೆಗೆ ಹೋದಳು. ಒಂದೇ ಕೋಣೆಯ ಮನೆ. ಗೋಡೆಗೊರಗಿ ಅಪ್ಪ ಕೂತಿದ್ದ. ಗಾರೆ ಕೆಲಸದ ಸಾರುವೆಯಿಂದ ಬಿದ್ದು ಮುರಿದ ಕಾಲು ಪ್ಲಾಸ್ಟರಿನಲ್ಲಿತ್ತು. ಕಚೇರಿಗಳ ನೆಲ ಒರೆಸುವ ಅಮ್ಮ ಆಗಷ್ಟೇ ಕೆಲಸ ಮುಗಿಸಿ ಬಂದಿದ್ದಳು. ಅತ್ತೆಯ ಊರಿನ ಮಾತು ಎತ್ತುತ್ತಲೇ ಅವಳ ಮುಖ ಸಪ್ಪಗಾಯಿತು.

"ಇವರು ಎದ್ದು ಓಡಾಡೋವರೆಗೆ ಅಷ್ಟೇ ಅಕ್ಕ. ಆಮೇಲೆ ಶಾಲೆಗೇ ಕಳಿಸ್ತೀನಿ. ಮತ್ತೆ ಅದೇನು ಕಲ್ಲು ಹೊರೋ ಕೆಲಸಾನಾ? ಕೂತ್ಕೊಂಡು ಮಾಡೋ ಕೆಲಸ."

"ನಾನೂ ಕೂತ್ಕೊಂಡೇ ಮಾಡ್ತಿದ್ದೆ" ಅಂದಳು ಇಂಚಕ್ಕ. ಮುಂದೆ ಹೇಳಲು ಬೇಕಾದಷ್ಟಿತ್ತು, ಆದರೆ ಆ ಪ್ಲಾಸ್ಟರಿನ ಕಾಲು ಕಣ್ಣಿಗೆ ಬಿತ್ತು. ಎದ್ದು ಬಂದಳು.

ಮರುದಿನ ಕಾರ್ಮಿಕ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿಗೆ ವರ್ಷವಿಡೀ ನೆಗಡಿ. ಕೆಟ್ಟ ಮನುಷ್ಯನಲ್ಲ, ಸುತ್ತಿ ಸುತ್ತಿ ಸೋತು ಸುಣ್ಣವಾದವನು. "ಆ ಡಬ್ಬಿ ಕಾರ್ಖಾನೆಗೆ ಎರಡು ಸಲ ಹೋಗಿದೀವಿ ತಾಯಿ" ಎಂದು ಮೂಗೊರೆಸಿಕೊಂಡ. "ಮುಂದಿನ ಬಾಗಿಲಲ್ಲಿ ನಾವು ಬೆಲ್ ಒತ್ತೋ ಹೊತ್ತಿಗೆ ಹಿಂದಿನ ಮೆಟ್ಟಿಲಲ್ಲಿ ಮಕ್ಕಳು ಮಾಯ. ಮೇಲೆ ಹೋದ್ರೆ ಅರ್ಧ ಅಂಟಿಸಿದ ಡಬ್ಬಿಗಳು, ಖಾಲಿ ಸ್ಟೂಲುಗಳು. ಸ್ಟೂಲುಗಳ ಮೇಲೆ ಕೇಸ್ ಹಾಕೋಕಾಗುತ್ತಾ?"

"ನಮ್ಮನೆಯವ್ರು ಕಣ್ಣಾರೆ ಕಂಡಿದ್ದಾರೆ."

"ರಟ್ಟು ಹಿಡ್ಕೊಂಡು ಮೆಟ್ಟಿಲು ಹತ್ತಿದ ಹುಡುಗಿನ ಕಂಡಿದ್ದಾರೆ. ಯಾರನ್ನೋ ನೋಡೋಕೆ ಬಂದಿದ್ಲು ಅಂದ್ಬಿಡ್ತಾನೆ ಆ ಯಜಮಾನ. ಅವನ ಕೈಯಿಂದಲೇ ಏನಾದ್ರೂ ಬರ್ಬೇಕಮ್ಮ. ಕಾಗದದ ಮೇಲೆ."

ಆವತ್ತು ಮಧ್ಯಾಹ್ನವೆಲ್ಲ ಇಂಚಕ್ಕನ ಮಷೀನು ಸದ್ದು ಮಾಡಲಿಲ್ಲ, ಬಾಯಿಯೂ ಮಾಡಲಿಲ್ಲ. ಗಂಡನಿಗೆ ದಿಗಿಲಾಯಿತು. ಡಬ್ಬಿ ಯಜಮಾನನ ಅಂಗಿಯನ್ನು ತಿರುವಿ ಹಾಕುತ್ತ, ಮಾತು ಹುಟ್ಟಿಸಲೆಂದೇ, "ಇವನ ತೋಳೆಲ್ಲ ಅಂಟು. ಎಷ್ಟು ತಿಕ್ಕಿದ್ರೂ ಹೋಗಲ್ಲ" ಅಂದ.

ಇಂಚಕ್ಕ ತಲೆಯೆತ್ತಿದಳು. "ಏನಂದ್ರಿ?"

"ಅಂಟು."

"ನೀವು ದಿನಕ್ಕೆ ಹತ್ತೇ ಮಾತಾಡ್ರೀ ಪರವಾಗಿಲ್ಲ" ಎಂದು ಆಕೆ ಎದ್ದು, ಕನ್ನಡಿ ನೋಡಿ ತಲೆ ಬಾಚಿಕೊಂಡಳು. "ಹತ್ತೂ ಹೀಗೇ ಇರ್ಲಿ."

ಡಬ್ಬಿ ಯಜಮಾನ ಬೂಟಿನ ಡಬ್ಬಿ ಮಾಡಿಸುವವನು. ಬಾಯ್ತುಂಬ ಮಾತಾಡುವ, ಬಂದವರಿಗೆಲ್ಲ ಚಹಾ ತರಿಸುವ ಮನುಷ್ಯ. ತನ್ನಿಂದ ಹತ್ತಾರು ಮನೆಗಳ ಒಲೆ ಉರಿಯುತ್ತಿದೆ ಅನ್ನುವುದರಲ್ಲಿ ಆತನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಂಚಕ್ಕ ಕಾರ್ಖಾನೆಯ ಕೆಳಗಿನ ಆತನ ಕಚೇರಿಗೆ ಹೋಗಿ, ಒಂದು ಡಬ್ಬಿ ಕೈಗೆತ್ತಿಕೊಂಡು ಮುಚ್ಚಳವನ್ನು ಬೆಳಕಿಗೆ ಹಿಡಿದಳು.

"ಇದೇನಿದು ಯಜಮಾನ್ರೇ, ಡಬ್ಬಿ ತುಂಬ ಅಂಟಿನ ಕಲೆ?"

ಮುಟ್ಟಿದ್ದು ಸರಿಯಾದ ಜಾಗವನ್ನೇ. ಬೂಟಿನ ಕಂಪನಿಯವರು ಅದೇ ಕಾರಣಕ್ಕೆ ಹಿಂದಿನ ತಿಂಗಳು ಒಂದು ಲಾರಿ ಡಬ್ಬಿ ವಾಪಸ್ ಕಳಿಸಿದ್ದರು. ಆತ ಹಣೆ ಚಚ್ಚಿಕೊಂಡ. "ಬೈದು ಬೈದು ಸಾಕಾಯ್ತಮ್ಮ. ಕೈ ಬಟ್ಟೆಗೊರೆಸ್ತಾರೆ, ಬಟ್ಟೆ ಡಬ್ಬಿಗೆ ತಾಗುತ್ತೆ."

"ಏಪ್ರನ್ ಹೊಲಿಸಿ. ದಪ್ಪ ಬಟ್ಟೇಲಿ, ತೋಳಿಗೆ ಎಲಾಸ್ಟಿಕ್ ಹಾಕಿ. ಎದೆ ಮೇಲೆ ಕಾರ್ಖಾನೆ ಹೆಸರು ಕಸೂತಿ ಮಾಡ್ತೀನಿ."

ಹೆಸರು ಕಸೂತಿಯಲ್ಲಿ ಅಂದದ್ದೇ ತಡ, ಯಜಮಾನನ ಮುಖ ಅರಳಿತು. "ಎಲ್ರಿಗೂ ಹೊಲಿ. ಹದಿನಾಲ್ಕು. ಆದ್ರೆ ಯಾರ ಹೆಸರೂ ಬರೀಬೇಡ. ನಂಬರ್ ಹಾಕು, ಅಳತೆ ಹಾಕು, ಅಷ್ಟೇ."

"ನಂಗೆ ಹೆಸರು ಯಾಕೆ ಬೇಕು?" ಅಂದಳು ಇಂಚಕ್ಕ. "ಅಳತೆ ಸಿಕ್ಕರೆ ಸಾಕು."

ಕಾರ್ಖಾನೆಯದು ಮೂರನೇ ಅಂತಸ್ತಿನ ಉದ್ದ ಕೋಣೆ. ಗಾಳಿಗೆ ಹಾಳೆ ಹಾರಬಾರದೆಂದು ಕಿಟಕಿಗಳಿಗೆಲ್ಲ ಕಂದು ಕಾಗದ ಅಂಟಿಸಿದ್ದರು. ಹೊಗೆಯಂತೆ ಮೂಗಿಗಡರುವ ಅಂಟಿನ ವಾಸನೆ. ಮುಂದುಗಡೆ ಮೇಜುಗಳಲ್ಲಿ ಒಂಬತ್ತು ಜನ ದೊಡ್ಡವರು. ಹಿಂದೆ ರಟ್ಟಿನ ರಾಶಿಯ ಮರೆಯಲ್ಲಿ ಐದು ಪುಟ್ಟ ಸ್ಟೂಲು, ಐದು ಮಕ್ಕಳು. ಇಂಚಕ್ಕ ಒಂದರಿಂದ ಒಂಬತ್ತರವರೆಗೆ ಬರೆದು ಮುಗಿಸಿ ರಾಶಿಯ ಹಿಂದಕ್ಕೆ ಹೋದಳು.

ಗಿರಗಿಟ್ಲೆ ಹದಿಮೂರನೇ ನಂಬರು. ಎದ್ದು ನಿಂತಳು. ಅಲುಗಾಡದೆ ನಿಂತಳು. ಅವಳು ಹಾಗೆ ನಿಂತದ್ದನ್ನು ಇಂಚಕ್ಕ ನೋಡಿದ್ದು ಅದೇ ಮೊದಲು. ಉಗುರುಗಳ ತುದಿಯಲ್ಲಿ ಒಣಗಿದ ಅಂಟು ಬೆಳ್ಳಗೆ ಮೆತ್ತಿಕೊಂಡಿತ್ತು. ಹಿಂದಿನ ವರ್ಷಕ್ಕಿಂತ ಎತ್ತರ ಎರಡಿಂಚು ಏರಿತ್ತು, ಎದೆ ಅರ್ಧ ಇಂಚು ಇಳಿದಿತ್ತು.

"ಅಕ್ಕಾ," ಹುಡುಗಿ ಪಿಸುಗುಟ್ಟಿದಳು, "ಶಾಲೇಲಿ ನನ್ನ ಜಾಗದಲ್ಲಿ ಯಾರು ಕೂತಿದ್ದಾರೆ?"

ಇಂಚಕ್ಕನಿಗೆ ಅದು ಗೊತ್ತಿರಲಿಲ್ಲ. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ, "ಖಾಲಿ ಇದೆ" ಅಂದಳು.

ಕೆಳಗಿಳಿದು ಬಂದವಳು ಹಾಳೆಯ ತಲೆಯ ಮೇಲೆ "ಈ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಅಳತೆ" ಎಂದು ದುಂಡಗೆ ಬರೆದಳು. ಸಂಜೆ ಶಾಲೆಯ ಅಕ್ಷರ, ಒಂದೊಂದೂ ಹುರಿಗಡಲೆ ಗಾತ್ರ. "ನಾಳೆ ಅಳತೆ ತಪ್ಪು ಅಂತ ನನ್ನ ಮೇಲೆ ಗೂಬೆ ಕೂರಿಸ್ಬಾರದು ನೋಡಿ. ಕೆಳಗೊಂದು ಸಹಿ ಹಾಕ್ಬಿಡಿ." ಯಜಮಾನ ಕಸೂತಿಯ ಗುಂಗಿನಲ್ಲೇ ಇದ್ದ. ಸಹಿ ಹಾಕಿದ, ಕೆಳಗೆ ಎರಡು ಗೆರೆ ಎಳೆದ, ಚೆನ್ನಾಗಿ ಕಾಣಲಿ ಅಂತ ಮೊಹರನ್ನೂ ಒತ್ತಿಕೊಟ್ಟ.

ಮೂರು ದಿನದಲ್ಲಿ ಹದಿನಾಲ್ಕು ಏಪ್ರನ್ ತಯಾರಾದವು. ಇಂಚಕ್ಕ ಅವನ್ನು ಗಂಟು ಕಟ್ಟಿಕೊಂಡು ಕಾರ್ಮಿಕ ಕಚೇರಿಗೆ ಹೋದಳು. ಅಧಿಕಾರಿ ಮೊದಲು ಕಾಗದ ನೋಡಿದ. ಅಂಕಿಗಳು ಆತನಿಗೆ ಏನನ್ನೂ ಹೇಳಲಿಲ್ಲ. "ಇಪ್ಪತ್ತಮೂರೂವರೆ ಅಂದ್ರೆ ಏನಮ್ಮ? ಗಿಡ್ಡನಾ, ಸಣ್ಣನಾ?"

"ಅಂಕಿ ಬಿಡಿ ಸಾರ್" ಎಂದು ಆಕೆ ಗಂಟು ಬಿಚ್ಚಿದಳು. ಒಂಬತ್ತು ಏಪ್ರನ್ನುಗಳನ್ನು ಕುರ್ಚಿಯ ಮೇಲೆ ಹಾಕಿದಳು. ಉಳಿದ ಐದನ್ನು ಒಂದೊಂದಾಗಿ ಆತನ ಫೈಲುಗಳ ಮೇಲೆ ಹಾಸಿದಳು. ಐದೂ ಸೇರಿ ಮೇಜನ್ನು ಪೂರ್ತಿ ಮುಚ್ಚಲಿಲ್ಲ.

ಅಧಿಕಾರಿ ತೀರ ಚಿಕ್ಕದನ್ನು ಎತ್ತಿ ಹಿಡಿದು ನೋಡಿದ. "ನನ್ನ ಎರಡನೇ ಮಗಳಿಗೆ ಸರಿಹೋಗುತ್ತೆ ಇದು" ಅಂದ. ಮೂಗೊರೆಸಿಕೊಂಡ, ಆದರೆ ಆ ಹೊತ್ತಿನದು ನೆಗಡಿಯಂತೆ ಇಂಚಕ್ಕನಿಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಇಂಚಕ್ಕ ಏಪ್ರನ್ ಗಂಟಿನೊಂದಿಗೆ ಕಾರ್ಖಾನೆ ಹತ್ತಿದಳು. "ಒಬ್ಬರನ್ನೂ ಆಚೆ ಕಳಿಸ್ಬೇಡಿ. ಹಾಕಿ ನೋಡ್ಬೇಕು. ಆಮೇಲೆ ಇದು ಬಿಗಿ, ಅದು ಸಡಿಲ ಅಂತ ನನ್ನ ಪ್ರಾಣ ತಿನ್ನೋದು ಬೇಡ" ಎಂದು ಯಜಮಾನನಿಗೆ ಹೇಳಿ, ಎಲ್ಲರನ್ನೂ ನಂಬರಿನ ಪ್ರಕಾರ ಸಾಲಾಗಿ ನಿಲ್ಲಿಸಿದಳು. ಹಿಂದಿನ ಮೆಟ್ಟಿಲ ಬಾಗಿಲಿಗೆ ಬೆನ್ನು ಕೊಟ್ಟು ತಾನು ನಿಂತಳು. ಆಕೆಯ ಗಾತ್ರಕ್ಕೆ ಆ ಬಾಗಿಲು ಪೂರ್ತಿ ಮುಚ್ಚಿಹೋಯಿತು. ಹದಿನಾಲ್ಕೂ ಜನ ಏಪ್ರನ್ ತೊಟ್ಟು ಗುಂಡಿ ಹಾಕಿಕೊಳ್ಳುವ ಹೊತ್ತಿಗೆ ಮುಂದಿನ ಬಾಗಿಲಲ್ಲಿ ಅಧಿಕಾರಿ ನಿಂತಿದ್ದ. ಜೊತೆಗೆ ಮಕ್ಕಳ ರಕ್ಷಣೆ ಸಮಿತಿಯ ಇಬ್ಬರು ಹೆಂಗಸರು.

ಯಜಮಾನ ಒಂದು ಕ್ಷಣ ಪೆಚ್ಚಾದರೂ ಸಾವರಿಸಿಕೊಂಡ. "ಬನ್ನಿ ಸಾರ್, ಚಹಾ ತರಿಸ್ತೀನಿ. ಇವೆಲ್ಲ ಕೆಲಸದವರ ಮಕ್ಕಳು, ಸುಮ್ನೆ ನೋಡೋಕೆ ಬಂದಿದ್ವು."

"ಏಪ್ರನ್ ಹಾಕ್ಕೊಂಡು ನೋಡ್ತಾರಾ?"

"ಅದು... ಯಾರದೋ ಹಾಕ್ಕೊಂಡಿವೆ."

"ಯಾರದೋ ಆಗಿದ್ರೆ ಇಷ್ಟು ಸರಿಯಾಗಿ ಕೂರುತ್ತಾ?" ಅಧಿಕಾರಿ ಸಹಿ ಮೊಹರಿದ್ದ ಹಾಳೆಯನ್ನು ಬಿಡಿಸಿದ. "ಈ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಅಳತೆ. ಹತ್ತರಿಂದ ಹದಿನಾಲ್ಕು. ನಿಮ್ಮದೇ ಸಹಿ ತಾನೆ?"

ಯಜಮಾನ ಇಂಚಕ್ಕನನ್ನು ಒಮ್ಮೆ, ಹಾಳೆಯನ್ನು ಒಮ್ಮೆ ನೋಡಿದ. "ದೊಡ್ಡೋರೇ ಸಾರ್ ಅವರು. ಸ್ವಲ್ಪ ಗಿಡ್ಡ, ಅಷ್ಟೇ. ವಂಶದಲ್ಲೇ ಗಿಡ್ಡ."

"ನಂಗೆ ಹತ್ತು ವರ್ಷ" ಎಂದಿತು ಸಾಲಿನ ತುದಿಯಿಂದ ಒಂದು ದನಿ. ಇಡೀ ಕೋಣೆಗೆ ಕೇಳಿಸುವಷ್ಟು ಜೋರಾಗಿತ್ತು. "ಐದನೇ ಕ್ಲಾಸು. ನಮ್ಮಮ್ಮ ಅಪ್ಪ ಇಬ್ರೂ ನನಗಿಂತ ಉದ್ದ ಇದ್ದಾರೆ."

ಮುಂದಿನ ಮೇಜಿನ ಹೆಂಗಸೊಬ್ಬಳು ನಕ್ಕುಬಿಟ್ಟಳು. ಆಮೇಲೆ ಅಧಿಕಾರಿಗೂ ತಡೆಯಲಾಗಲಿಲ್ಲ. ಸಮಿತಿಯ ಹೆಂಗಸರು ಐದೂ ಮಕ್ಕಳನ್ನು ಕರೆದುಕೊಂಡು ಕೆಳಗಿಳಿದರು. ಗಿರಗಿಟ್ಲೆ ಮೆಟ್ಟಿಲನ್ನು ಎರಡೆರಡಾಗಿ ಹಾರಿದಳು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಿತು ಅಂದುಕೊಂಡಿದ್ದ ಇಂಚಕ್ಕನಿಗೆ ಸಂಜೆ ಬಿಸಿ ಮುಟ್ಟಿತು. ಗಿರಗಿಟ್ಲೆಯ ಅಮ್ಮ ಅಂಗಡಿ ಮುಂದೆ ನಿಂತು ಬೀದಿಯೆಲ್ಲ ಕೇಳುವಂತೆ ಬೈದಳು. "ನಿಂಗೇನಮ್ಮ, ನಿಂದು ಅಂಗಡಿ ಇದೆ, ಗಂಡ ಎರಡು ಕಾಲ ಮೇಲೆ ನಿಂತಿದ್ದಾನೆ! ನಮ್ಮನೆ ಒಲೆ ಯಾರು ಹಚ್ತಾರೆ? ನೀನು ಹಚ್ತೀಯಾ?" ಇಂಚಕ್ಕ ಮಷೀನು ಬಿಟ್ಟು ಎದ್ದು ನಿಂತಳು. ಗಂಡ ಒಂದು ಸ್ಟೂಲು ತಂದು ಆ ತಾಯಿಯ ಮುಂದಿಟ್ಟ. ಅವಳು ಕೂತಳು, ಕೂತ ಮೇಲೆ ಅತ್ತಳು. ಆತ ಇಸ್ತ್ರಿಯನ್ನು ಪಕ್ಕಕ್ಕಿಟ್ಟು, "ನಿಮ್ಮೆಜಮಾನ್ರ ಕಾಲು ಮುರಿದಿದೆ. ಕೈ ಸರಿ ಇದೆಯಲ್ಲ?" ಅಂದ.

ಹೀಗೆ ಗಿರಗಿಟ್ಲೆಯ ಅಪ್ಪ ಮೆಟ್ಟಿಲ ಕೆಳಗಿನ ಅಂಗಡಿಗೆ ಗುಂಡಿ ಹಚ್ಚಲು ಬಂದ. ಪ್ಲಾಸ್ಟರಿನ ಕಾಲನ್ನು ಬಟ್ಟೆಯ ಮೂಟೆಯ ಮೇಲೆ ಚಾಚಿಕೊಂಡು ಕೂರುತ್ತಿದ್ದ. ಗಾರೆ ಕೆಲಸದ ಆ ಕೈಗೆ ಸೂಜಿ ಸಿಗುತ್ತಲೇ ಇರಲಿಲ್ಲ. ಮೊದಲ ವಾರದ ಅಂಗಿಗಳಲ್ಲಿ ಗುಂಡಿಗಳು ಸಾಲು ತಪ್ಪಿ ಓಡುತ್ತಿದ್ದವು. ಹಾಕಿಕೊಂಡ ಮಕ್ಕಳ ಕಾಲರು ಒಂದು ಕಡೆ ಕಿವಿಗೆ ತಾಗುತ್ತಿತ್ತು. "ಗೋಡೆ ಕಟ್ಟೋವಾಗ ತೂಗುಗುಂಡು ಇಡ್ತಿದ್ರಲ್ಲ, ಇದಕ್ಕೂ ಒಂದಿಡಿ" ಎಂದು ಇಂಚಕ್ಕ ಗೊಣಗುತ್ತ, ಬಿಚ್ಚಿ ಮತ್ತೆ ಹೊಲಿಸುತ್ತಿದ್ದಳು. ಅಮ್ಮನಿಗೆ ಡಬ್ಬಿ ಕಾರ್ಖಾನೆಯಲ್ಲೇ ಕೆಲಸ ಸಿಕ್ಕಿತು. ದಂಡ ಕಟ್ಟಿ, ಕೋರ್ಟಿಗೆ ಅಲೆಯುತ್ತಿದ್ದ ಯಜಮಾನನಿಗೆ ಆ ಐದು ಸ್ಟೂಲುಗಳಿಗೆ ದೊಡ್ಡವರನ್ನು ಹುಡುಕದೆ ಬೇರೆ ದಾರಿ ಇರಲಿಲ್ಲ. ಕಿಟಕಿಯ ಕಂದು ಕಾಗದವನ್ನೂ ಅಧಿಕಾರಿ ಕೀಳಿಸಿದ್ದ. ಯಜಮಾನ ಇಂಚಕ್ಕನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಇಸ್ತ್ರಿ ಬಟ್ಟೆ ಬೇರೆಯವರಿಗೆ ಕೊಡತೊಡಗಿದ. ಅಂಟಿನ ಕಾಟ ತಪ್ಪಿತೆಂದು ಗಂಡನಿಗೆ ಒಳಗೊಳಗೇ ಖುಷಿ.

ಐವರಲ್ಲಿ ನಾಲ್ವರು ಶಾಲೆ ಸೇರಿದರು. ಹನ್ನೊಂದನೇ ನಂಬರಿನ ಹುಡುಗನ ಮನೆಯವರು ಒಂದು ವಾರದಲ್ಲೇ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಸಮಿತಿಯವರು ವಿಚಾರಿಸಿದರು, ಅಧಿಕಾರಿ ಪಕ್ಕದೂರುಗಳಿಗೆಲ್ಲ ಪತ್ರ ಬರೆದ. ಸುಳಿವು ಸಿಗಲಿಲ್ಲ. ಆ ಮಾತು ಬಂದರೆ ಇಂಚಕ್ಕ ಮಷೀನಿನ ಚಕ್ರ ಜೋರಾಗಿ ತಿರುಗಿಸುತ್ತಾಳೆ.

ಗಿರಗಿಟ್ಲೆಯ ಜಾಗ ಶಾಲೆಯಲ್ಲಿ ಖಾಲಿ ಇರಲಿಲ್ಲ. ಹೊಸ ಹುಡುಗಿಯೊಬ್ಬಳು ಅಲ್ಲಿ ಕೂತಿದ್ದಳು. ಮೊದಲ ದಿನವೇ ಇಬ್ಬರಿಗೂ ಜಡೆಜಗಳವಾಯಿತು. ಎರಡನೇ ದಿನ ಗಿರಗಿಟ್ಲೆ ಅಂಗಡಿಗೆ ಬಂದು, "ಖಾಲಿ ಇದೆ ಅಂದ್ಯಲ್ಲ ಅಕ್ಕಾ, ಸುಳ್ಳಿ!" ಎಂದು ಮುಖ ಊದಿಸಿಕೊಂಡು ಕೂತಳು. ತರಗತಿಯಲ್ಲಿ ಪಾಠ ಕೇಳುವಾಗ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ನೋಟುಪುಸ್ತಕದ ಹಾಳೆ ಕಿತ್ತು, ನೋಡದೆಯೇ ಮಡಚಿ ಮಡಚಿ ಡಬ್ಬಿ ಮಾಡಿಡುತ್ತಿದ್ದಳು. ಟೀಚರು ಮೊದಲು ಗದರಿದರು. ಆಮೇಲೆ ಪುಸ್ತಕವನ್ನು ಮೆಲ್ಲಗೆ ತೆಗೆದಿಟ್ಟು, ಅವಳ ಕೈಗೆ ಸೀಮೆಸುಣ್ಣ ಕೊಟ್ಟು ಬೋರ್ಡಿನ ಹತ್ತಿರ ನಿಲ್ಲಿಸಿದರು. ಆ ಅಭ್ಯಾಸ ಬಿಡಲು ನಾಲ್ಕು ತಿಂಗಳು ಹಿಡಿಯಿತು. ಬಿಟ್ಟ ಮೇಲೆ ಮಾತಾಡಲು ಶುರುಮಾಡಿದಳು. ಟೀಚರಿಗೆ ಡಬ್ಬಿಯೇ ವಾಸಿಯಿತ್ತು ಅನ್ನಿಸಿತಂತೆ.

ಈಗ ಪ್ರತಿವರ್ಷ ಶಾಲೆ ತೆರೆದ ಎರಡನೇ ವಾರ, ಅಳತೆ ಪುಸ್ತಕದ ಖಾಲಿ ಸಾಲುಗಳನ್ನು ಬರೆದುಕೊಂಡು ಇಂಚಕ್ಕ ಮನೆಮನೆಗೆ ಹೋಗುತ್ತಾಳೆ. ಸಂಶಯ ಬಂದರೆ ಅಧಿಕಾರಿಗೆ ಫೋನು. ಕಳೆದ ಸಲ ಉಳಿದದ್ದು ಒಂದೇ ಸಾಲು, ಮೂರನೇ ಕ್ಲಾಸಿನ ಹುಡುಗನದು. ಬಾಗಿಲು ಬಡಿದಾಗ ಅವನ ಅಜ್ಜಿ ಅರ್ಧ ಮಾತ್ರ ತೆರೆದು, "ಅವನಿಲ್ಲಿಲ್ಲ, ಹೋಗಮ್ಮ" ಅಂದಳು. ಇಂಚಕ್ಕನ ಕಿವಿ ನೆಟ್ಟಗಾಯಿತು. ಕಾಲು ಒಳಗಿಟ್ಟು, ಭುಜ ತೂರಿಸಿ, ನೋಡಿದರೆ ಹುಡುಗ ಹಾಸಿಗೆಯ ಮೇಲೆ ಕೂತಿದ್ದಾನೆ. ಕೆನ್ನೆ, ಕತ್ತು ಎರಡೂ ಒಂದಾಗಿ ಊದಿಕೊಂಡಿವೆ. ಗದ್ದಬಾವು.

"ಯಾರಿಗೂ ಮುಖ ತೋರಿಸಲ್ಲ ಅಂತ ಹಟ ಮಾಡ್ತಿದ್ದಾನೆ, ಅದಕ್ಕೇ ಇಲ್ಲ ಅಂದೆ" ಎಂದು ಅಜ್ಜಿ ನಾಚಿಕೊಂಡಳು.

ಇಂಚಕ್ಕ ಉಸಿರು ಬಿಟ್ಟು, ಹಾಸಿಗೆಯ ತುದಿಯಲ್ಲಿ ಕೂತು, ಟೇಪು ಬಿಚ್ಚಿದಳು. ಎದೆ, ತೋಳು, ಸೊಂಟ ಬರೆದುಕೊಂಡಳು.

"ಕಾಲರು?" ಅಂದ ಹುಡುಗ, ಬಾಯಿ ತೆರೆಯಲಾಗದೆ.

"ಅದು ಮುಂದಿನ ವಾರ" ಅಂದಳು ಇಂಚಕ್ಕ. "ಇವತ್ತಿನ ಅಳತೆಗೆ ಹೊಲಿದ್ರೆ ಅದರೊಳಗೆ ನಿಮ್ಮಜ್ಜಿನೂ ಬಂದು ಕೂರ್ತಾರೆ."